ಕಂಪ್ಯೂಟರ್‌ನಲ್ಲಿ ಪಾಸಾದ ಗೋಡೆಯ ಸಂದು ನೋಡಿದವರಾರು?

ಕಳೆದ ದಸರೆಗೆ ಅವ್ವ ಆಳಂದದಿಂದ ಪುಣೆಗೆ, ನಮ್ಮ ಹೊಸ ಫ್ಲ್ಯಾಟಿಗೆ ಬಂದಿದ್ದಳು. ಲಿಫ್ಟು, ಬಾಲ್ಕನಿ, ಅಡುಗೆಮನೆ ಎಲ್ಲ ನೋಡಿದ ಮೇಲೆ ಹಾಲಿನ ಗೋಡೆಯ ಮೇಲೆ ಕೈಯಿಟ್ಟು ನಿಂತಳು. ಎರಡು ಪ್ಯಾನೆಲ್ ಸೇರುವ ಕಡೆ ಬಣ್ಣದ ಕೆಳಗೆ ಸಣ್ಣ ಗೆರೆಯೊಂದು ಕಾಣುತ್ತದೆ. ಅದರ ಮೇಲೆ ಬೆರಳಾಡಿಸಿ, 'ಈ ಗ್ವಾಡಿ ಯಾತಕ್ಕ ಹತ್ಕೊಂಡು ನಿಂತದಪಾ?' ಎಂದು ಕೇಳಿದಳು. ನಾನು ಎಂ.ಟೆಕ್ ಓದಿದ್ದೇ ಇಂಥ ಗೋಡೆಗಳ ಬಗ್ಗೆ. ಆದರೂ ನನ್ನದೇ ಮನೆಯ ಗೋಡೆಯ ಬಗ್ಗೆ ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವ್ವ ಸುಮ್ಮನೆ ಕೇಳಿದ್ದಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇದ್ದಾಗ ಕಿಲ್ಲಾರಿ ನಡುಗಿತು. ನಮ್ಮೂರಿನಿಂದ ಕಿಲ್ಲಾರಿ ಐವತ್ತು, ಅರವತ್ತು ಕಿಲೋಮೀಟರ್ ಅಷ್ಟೇ. ನನಗಾಗ ಐದು ವರ್ಷ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದೆವು. ಅವ್ವ ನನ್ನನ್ನು ಎಳೆದುಕೊಂಡು ಅಂಗಳಕ್ಕೆ ಓಡಿದ್ದು, ಮಾಳಿಗೆಯ ಮಣ್ಣು ತಲೆ ಮೇಲೆ ಉದುರಿದ್ದು ಇಷ್ಟೇ ನೆನಪು. ಆಮೇಲೆ ಎಷ್ಟೋ ದಿನ ಊರಿಗೆ ಊರೇ ಬಯಲಲ್ಲಿ ಮಲಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರು ಸುಮಾರು 10 ಸಾವಿರ. ಭೂಕಂಪನದ ಪ್ರಮಾಣ 6.2ರ ಆಸುಪಾಸು. ಜಗತ್ತಿನ ಲೆಕ್ಕದಲ್ಲಿ ಅದು ಮಹಾ ಭೂಕಂಪನವೇನೂ ಅಲ್ಲ. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲಿನ ಭಾರದ ಮಾಳಿಗೆ. ಆಗಿನ ಭೂಕಂಪನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಅತಿ ಕಡಿಮೆ ಅಪಾಯದ ಜಾಗದಲ್ಲಿ. 2002ರ ಪರಿಷ್ಕರಣೆಯಲ್ಲಿ ಆ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು.

ನಮ್ಮ ಪುಣೆಯ ಕಟ್ಟಡ 11 ಮಹಡಿಯದ್ದು. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಲಾರಿಯಲ್ಲಿ ತಂದು, ಕ್ರೇನಿನಿಂದ ಎತ್ತಿ, ಒಂದರ ಮೇಲೊಂದು ಇಟ್ಟು ಜೋಡಿಸಿದ್ದಾರೆ. ಇದಕ್ಕೆ ಪ್ರೀಕಾಸ್ಟ್ ಎನ್ನುತ್ತಾರೆ. ಅವ್ವ ಊರಿಗೆ ಹೋದ ಮೇಲೆ ನಾನು ಬಿಲ್ಡರ್ ಕಚೇರಿಗೆ ಹೋಗಿ, ಗೋಡೆಗಳ ಜೋಡಣೆಯ ನಕ್ಷೆ ಮತ್ತು ಲೆಕ್ಕದ ಸಾರಾಂಶ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು, ಚಹಾ ಕೊಟ್ಟರು. ಆದರೆ ಸಿಕ್ಕ ಉತ್ತರ ಒಂದೇ: 'ಸರ್, ಎಲ್ಲ ಕಂಪ್ಯೂಟರ್‌ನಲ್ಲಿ ಪಾಸ್ ಆಗಿದೆ.'

ಈ ಮಾತಿಗೆ ನಾನು ತಲೆಬಾಗುವುದಿಲ್ಲ. ಯಾಕೆಂದರೆ ಆ ಕಂಪ್ಯೂಟರ್ ಒಳಗೆ ಏನಿರುತ್ತದೆ ಎಂದು ನನಗೆ ಗೊತ್ತು. ಸಿವಿಲ್ ಎಂಜಿನಿಯರಿಂಗ್ ಓದಿ, ಎಂ.ಟೆಕ್‌ನಲ್ಲಿ ಕಾಂಕ್ರೀಟ್ ಗೋಡೆ ಪ್ಯಾನೆಲ್‌ಗಳ ಮಾಡೆಲಿಂಗ್ ಮಾಡಿ, ಹತ್ತು ವರ್ಷದಿಂದ ಕಟ್ಟಡ ವಿಶ್ಲೇಷಣೆಯ ಸಾಫ್ಟ್‌ವೇರ್‌ಗೆ ಕೋಡ್ ಬರೆಯುತ್ತಿರುವವನು ನಾನು. ಕಂಪ್ಯೂಟರ್ ಯಾವ ಕಟ್ಟಡವನ್ನೂ ಪಾಸು ಮಾಡುವುದಿಲ್ಲ. ಅದು ನಾವು ಹೇಳಿದ ಊಹೆಗಳನ್ನು ಒಪ್ಪಿಕೊಂಡು ಲೆಕ್ಕ ಮಾಡುತ್ತದೆ. ಊಹೆ ತಪ್ಪಿದ್ದರೆ ತಪ್ಪು ಉತ್ತರವನ್ನೇ ನಾಲ್ಕು ದಶಮಾಂಶ ಸ್ಥಾನದವರೆಗೆ ಬರೆದುಕೊಡುತ್ತದೆ.

ಲೆಕ್ಕ ಹೇಗೆ ನಡೆಯುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ಒಂದು ಗೋಡೆಯನ್ನು ಗ್ರಾಫ್ ಹಾಳೆಯ ಚೌಕಗಳಂತೆ ಸಣ್ಣ ತುಂಡುಗಳಾಗಿ ಸಾಫ್ಟ್‌ವೇರ್ ವಿಭಜಿಸುತ್ತದೆ. ಪ್ರತಿ ತುಂಡಿಗೂ ಕಾಂಕ್ರೀಟಿನ ಮತ್ತು ಸರಳಿನ ಗುಣ ಕೊಡುತ್ತೇವೆ. ಕಾಂಕ್ರೀಟನ್ನು ಒತ್ತಿದರೆ ಬಲು ಗಟ್ಟಿ, ಎಳೆದರೆ ಅದರ ಬಲ ಹತ್ತರಲ್ಲಿ ಒಂದು ಪಾಲಿನಷ್ಟು. ಅದಕ್ಕೇ ಎಳೆತವನ್ನು ಉಕ್ಕಿನ ಸರಳು ಹೊರಬೇಕು. ಆಮೇಲೆ ನೆಲವನ್ನು ಅಲುಗಾಡಿಸುತ್ತೇವೆ. ಹಿಂದೆ ನಡೆದ ಭೂಕಂಪನಗಳ ದಾಖಲೆ ತೆಗೆದುಕೊಂಡು, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಣ್ಣ ಹೆಜ್ಜೆಗಳಲ್ಲಿ, ಪ್ರತಿ ತುಂಡು ಎಷ್ಟು ಬಾಗಿತು, ಎಲ್ಲಿ ಬಿರುಕು ಬಿಟ್ಟಿತು ಎಂದು ನೋಡುತ್ತಾ ಹೋಗುತ್ತೇವೆ. ಇದು ಪೂರ್ಣ ಲೆಕ್ಕ. ದಿನನಿತ್ಯದ ಅಪಾರ್ಟ್‌ಮೆಂಟ್‌ಗಳಿಗೆ ಇಷ್ಟು ಮಾಡುವುದು ಅಪರೂಪ. ಬಿರುಕನ್ನು ಹಂತ ಹಂತವಾಗಿ ಹಿಂಬಾಲಿಸದ, ಸರಳವಾದ ಲೆಕ್ಕದಲ್ಲೇ ಹೆಚ್ಚಿನವು ಮುಗಿಯುತ್ತವೆ.

ಆ ಸರಳ ಲೆಕ್ಕದಲ್ಲಿ ಒಂದು ದೊಡ್ಡ ರಿಯಾಯಿತಿ ಇದೆ. ಭೂಕಂಪನಕ್ಕೆ ಸಂಬಂಧಿಸಿದ ನಮ್ಮ ಮಾನಕ ಐಎಸ್ 1893ರ 2016ರ ಆವೃತ್ತಿ ತೆಗೆದು ನೋಡಿ. ಸರಿಯಾದ ವಿವರಗಳೊಂದಿಗೆ ಕಟ್ಟಿದ ಕಾಂಕ್ರೀಟ್ ಗೋಡೆಗಳ ಕಟ್ಟಡವಾದರೆ, ಲೆಕ್ಕದಲ್ಲಿ ಬಂದ ಬಲವನ್ನು 4ರಿಂದ ಭಾಗಿಸಿ ವಿನ್ಯಾಸ ಮಾಡಬಹುದು. ನಾಲ್ಕರಲ್ಲಿ ಒಂದು ಪಾಲು ಬಲಕ್ಕೆ ಕಟ್ಟಿದರೆ ಸಾಕು ಎಂದು ಯಾಕೆ ಹೇಳುತ್ತಾರೆ? ಗೋಡೆ ಮುರಿಯದೆ ಬಾಗುತ್ತದೆ, ಬಾಗುತ್ತಾ ಭೂಕಂಪನದ ಶಕ್ತಿಯನ್ನು ನುಂಗುತ್ತದೆ ಎಂಬ ನಂಬಿಕೆ ಅದಕ್ಕೆ ಆಧಾರ. ಆ ನಂಬಿಕೆ ಉಳಿಯಬೇಕಾದರೆ ಐಎಸ್ 13920 ಎಂಬ ಇನ್ನೊಂದು ಮಾನಕ ಹೇಳುವಂತೆ ಗೋಡೆಯ ಅಂಚಿನಲ್ಲಿ ಸರಳುಗಳನ್ನು ಒತ್ತೊತ್ತಾಗಿ ಉಂಗುರ ಹಾಕಿ ಕಟ್ಟಿರಬೇಕು. ಪ್ಯಾನೆಲ್ ಕಟ್ಟಡವಾದರೆ ಜೋಡಣೆಗಳೂ ಗೋಡೆಯಷ್ಟೇ ಗಟ್ಟಿಯಾಗಿರಬೇಕು. ರಿಯಾಯಿತಿ ಮೊದಲೇ ಪಡೆದಾಗಿದೆ. ಅದರ ಷರತ್ತು ಸೈಟಿನಲ್ಲಿ ಪೂರೈಸಿದೆಯೇ ಎಂಬುದನ್ನು ಕಂಪ್ಯೂಟರ್ ನೋಡುವುದಿಲ್ಲ.

ಪ್ಯಾನೆಲ್ ಗೋಡೆಯಲ್ಲಿ ಎರಡು ಬಗೆಯ ಸಂದು ಇರುತ್ತವೆ. ಪಕ್ಕಪಕ್ಕದ ಪ್ಯಾನೆಲ್‌ಗಳ ನಡುವೆ ನಿಂತ ಸಂದು. ಅಲ್ಲಿ ಸರಳಿನ ಕುಣಿಕೆಗಳನ್ನು ಒಂದರೊಳಗೊಂದು ಸೇರಿಸಿ ಸೈಟಿನಲ್ಲೇ ಕಾಂಕ್ರೀಟ್ ತುಂಬುತ್ತಾರೆ. ಕೆಳಗಿನ ಮಹಡಿಯ ಪ್ಯಾನೆಲ್‌ಗೂ ಮೇಲಿನದಕ್ಕೂ ನಡುವೆ ಮಲಗಿದ ಸಂದು. ಕೆಳಗಿನಿಂದ ಮೇಲೆ ಚಾಚಿದ ಸರಳು ಮೇಲಿನ ಪ್ಯಾನೆಲ್‌ನ ಕೊಳವೆಯೊಳಗೆ ಹೋಗುತ್ತದೆ, ಕೊಳವೆಗೆ ಗ್ರೌಟ್ ಎಂಬ ತೆಳು ಸಿಮೆಂಟ್ ಗಾರೆ ತುಂಬುತ್ತಾರೆ. ಕೊಳವೆ ಪೂರ್ತಿ ತುಂಬಿತೋ ಅರ್ಧಕ್ಕೇ ನಿಂತಿತೋ ಹೊರಗಿನಿಂದ ಕಾಣುವುದಿಲ್ಲ. ಭೂಕಂಪನದಲ್ಲಿ ಗೋಡೆ ಒಂದು ಬದಿಗೆ ವಾಲಿದಾಗ ಇನ್ನೊಂದು ಬದಿಯ ಮಲಗಿದ ಸಂದು ಬಾಯಿ ಬಿಡಲು ನೋಡುತ್ತದೆ. ಇಡೀ ಪ್ಯಾನೆಲ್ ಪಕ್ಕಕ್ಕೆ ಜಾರಲೂ ನೋಡುತ್ತದೆ. ಅದನ್ನು ಹಿಡಿದಿಡುವುದು ಆ ಸರಳು, ಆ ಗಾರೆ ಮತ್ತು ಎರಡು ಮೈಗಳ ನಡುವಿನ ಘರ್ಷಣೆ.

ಸಾಫ್ಟ್‌ವೇರ್‌ನಲ್ಲಿ ಈ ಸಂದನ್ನು ತೋರಿಸಲು ಎರಡು ದಾರಿ. ಸಂದೇ ಇಲ್ಲ, ಬುಡದಿಂದ ತುದಿವರೆಗೆ ಗೋಡೆ ಒಂದೇ ಅಖಂಡ ಕಲ್ಲು ಎಂದು ಹೇಳಿಬಿಡುವುದು ಸುಲಭದ ದಾರಿ. ಪ್ರತಿ ಸಂದಿಗೂ ಸ್ಪ್ರಿಂಗ್‌ಗಳನ್ನು ಇಟ್ಟು ಅದು ತೆರೆಯಲು, ಮುಚ್ಚಲು, ಜಾರಲು ಬಿಡುವುದು ಕಷ್ಟದ ದಾರಿ. ಎಂ.ಟೆಕ್‌ನಲ್ಲಿ ನಾನು ಮೊದಲು ಸುಲಭದ್ದನ್ನೇ ಮಾಡಿದ್ದೆ. ಪರದೆಯ ಮೇಲೆ ಗೋಡೆಯೆಲ್ಲ ಹಸಿರು, ಅಂದರೆ ಸುರಕ್ಷಿತ. ನನ್ನ ಗೈಡ್ ನೋಡಿ, 'ಸಂದು ಎಲ್ಲಿ?' ಎಂದರು. ಮೂರು ವಾರ ಕೂತು ಸ್ಪ್ರಿಂಗ್ ಹಾಕಿದೆ. ಅದೇ ಗೋಡೆ, ಅದೇ ಭೂಕಂಪನ. ಈ ಸಲ ಬುಡದ ಸಂದು ಕೆಂಪಾಗಿ ಬಾಯಿ ಬಿಟ್ಟಿತ್ತು.

ಸ್ಪ್ರಿಂಗ್ ಹಾಕಿದರೂ ಅದಕ್ಕೆ ಕೊಡುವ ಸಂಖ್ಯೆ ಯಾವುದು ಎಂಬ ಪ್ರಶ್ನೆ ಇದೆ. ಅಮೆರಿಕದ ಕಾಂಕ್ರೀಟ್ ಮಾನಕದಲ್ಲಿ, ಗಟ್ಟಿಯಾದ ಹಳೆಯ ಕಾಂಕ್ರೀಟಿನ ಮೈಯನ್ನು ಸುಮಾರು 6 ಮಿಲಿಮೀಟರ್ ಆಳಕ್ಕೆ ಒರಟು ಮಾಡಿ ಅದರ ಮೇಲೆ ಹೊಸತು ಹೊಯ್ದರೆ ಘರ್ಷಣೆಯ ಗುಣಾಂಕ 1.0. ಒರಟು ಮಾಡದಿದ್ದರೆ 0.6. ಕಚೇರಿಯಲ್ಲಿ ಕೂತ ಎಂಜಿನಿಯರ್ 1.0 ಎಂದು ಟೈಪ್ ಮಾಡುತ್ತಾನೆ. ಸೈಟಿನಲ್ಲಿ ಮೈಯನ್ನು ಉಜ್ಜಿ ಒರಟು ಮಾಡಬೇಕಾದವನು ಸಂಜೆಯಾಯಿತೆಂದು ಬಿಟ್ಟರೆ, ಜಾರದಂತೆ ತಡೆಯುವ ಬಲದಲ್ಲಿ ನೂರಕ್ಕೆ 40 ಪಾಲು ಹೋಯಿತು. ಎರಡು ಕಡೆಯೂ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಅಷ್ಟೇ ತಾನೆ? ಎರಡು ತಂಡ ಬರೆದ ಕೋಡ್ ಬೇರೆಬೇರೆಯಾಗಿ ಸರಿಯಾಗಿಯೇ ಇರುತ್ತದೆ, ಎರಡೂ ಸೇರುವಲ್ಲಿ ಬಗ್ ಇರುತ್ತದೆ.

ಇಷ್ಟು ಓದಿ ಪ್ಯಾನೆಲ್ ಕಟ್ಟಡವೇ ಬೇಡ ಎಂದು ತಿಳಿಯಬೇಡಿ. ನನ್ನ ಅಭಿಪ್ರಾಯ ಅದಲ್ಲ. ಭೂಕಂಪನ ತಡೆಯುವಲ್ಲಿ ಕಾಂಕ್ರೀಟ್ ಗೋಡೆಗಳ ದಾಖಲೆ ಒಳ್ಳೆಯದೇ. 2001ರ ಜನವರಿ 26ರ ಭುಜ್ ಭೂಕಂಪನದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹತ್ತಾರು ಅಪಾರ್ಟ್‌ಮೆಂಟ್‌ಗಳು ಬಿದ್ದವು. ಅವುಗಳಲ್ಲಿ ಬಹಳಷ್ಟು ಕೆಳಗೆ ಗೋಡೆಯಿಲ್ಲದೆ, ಕಾರು ನಿಲ್ಲಿಸಲು ಬರೀ ಕಂಬದ ಮೇಲೆ ನಿಂತವು. 1988ರ ಡಿಸೆಂಬರಿನಲ್ಲಿ ಅರ್ಮೇನಿಯಾದ ಸ್ಪಿಟಾಕ್ ಭೂಕಂಪನ ಸುಮಾರು 25 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಲೆನಿನಾಕಾನ್ ನಗರದಲ್ಲಿ ಪ್ರೀಕಾಸ್ಟ್ ಕಂಬ ಮತ್ತು ತೊಲೆ ಜೋಡಿಸಿ ಕಟ್ಟಿದ ಒಂಬತ್ತು ಮಹಡಿಯ ಕಟ್ಟಡಗಳು ಸಾಲುಸಾಲಾಗಿ ಕುಸಿದವು. ಅದೇ ನಗರದಲ್ಲಿ ದೊಡ್ಡ ಗೋಡೆ ಪ್ಯಾನೆಲ್‌ಗಳಿಂದ ಕಟ್ಟಿದ ಮನೆಗಳು ನಿಂತವು. ಎರಡೂ ಕಾರ್ಖಾನೆಯಲ್ಲಿ ಎರಕ ಹೊಯ್ದವೇ. ಒಂದರಲ್ಲಿ ಇಡೀ ಭಾರ ಕೆಲವೇ ಸಂದುಗಳ ಮೇಲೆ ಬಿತ್ತು, ಇನ್ನೊಂದರಲ್ಲಿ ಉದ್ದನೆಯ ಗೋಡೆಗಳ ಮೇಲೆ ಹಂಚಿಹೋಯಿತು.

ಒಳ್ಳೆಯ ದಾಖಲೆಯೂ ಒಮ್ಮೊಮ್ಮೆ ಮೈಮರೆಸುತ್ತದೆ. 1985ರ ಭೂಕಂಪನದಲ್ಲಿ ಚಿಲಿಯ ಗೋಡೆ ಕಟ್ಟಡಗಳು ಚೆನ್ನಾಗಿ ನಿಂತವು. ಅದನ್ನು ನೋಡಿ ಅಲ್ಲಿಯ ಮಾನಕ, ಗೋಡೆಯ ಅಂಚಿಗೆ ಒತ್ತಾದ ಉಂಗುರ ಬೇಕಿಲ್ಲ ಎಂದು ವಿನಾಯಿತಿ ಕೊಟ್ಟಿತು. ಆಮೇಲೆ ಕಟ್ಟಡಗಳು ಎತ್ತರವಾದವು, ಗೋಡೆಗಳು ತೆಳ್ಳಗಾದವು. 2010ರ ಫೆಬ್ರುವರಿ 27ರಂದು 8.8ರ ಭೂಕಂಪನ ಬಂದಾಗ ಹಲವು ಹೊಸ ಕಟ್ಟಡಗಳ ಗೋಡೆಯಂಚು ನಜ್ಜುಗುಜ್ಜಾಯಿತು. ಕಾನ್ಸೆಪ್ಸಿಯಾನ್ ನಗರದ ಆಲ್ಟೊ ರಿಯೊ ಎಂಬ 15 ಮಹಡಿಯ ಹೊಸ ಅಪಾರ್ಟ್‌ಮೆಂಟ್ ಬೆನ್ನ ಮೇಲೆ ಉರುಳಿಬಿತ್ತು. ಎಂಟು ಜನ ಸತ್ತರು. ಮರುವರ್ಷ ಚಿಲಿ ತನ್ನ ನಿಯಮ ಬದಲಿಸಿತು.

ನನ್ನ ವಾದಕ್ಕೆ ಇನ್ನೂ ಹತ್ತಿರದ ಉದಾಹರಣೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಸಿಟಿವಿ ಕಟ್ಟಡ. 2011ರ ಫೆಬ್ರುವರಿ 22ರ ಭೂಕಂಪನದಲ್ಲಿ ಸತ್ತ 185 ಜನರಲ್ಲಿ 115 ಜನ ಆ ಒಂದೇ ಕಟ್ಟಡದಲ್ಲಿದ್ದವರು. 1986ರಲ್ಲಿ ವಿನ್ಯಾಸವಾದ ಅದಕ್ಕೂ ಕಂಪ್ಯೂಟರ್ ಲೆಕ್ಕ ಆಗಿತ್ತು. ಭೂಕಂಪನವನ್ನು ತಡೆಯಲೆಂದು ಒಂದು ಬದಿಯಲ್ಲಿ ಕಾಂಕ್ರೀಟ್ ಗೋಡೆಗಳ ಗೋಪುರವೂ ಇತ್ತು. ಆದರೆ ಮಹಡಿಗಳನ್ನು ಆ ಗೋಡೆಗೆ ಹಿಡಿದಿಡುವ ಜೋಡಣೆ ಸಾಲದಾಗಿತ್ತು. ಇದು ಮೊದಲು ಬೆಳಕಿಗೆ ಬಂದದ್ದು 1990ರಲ್ಲಿ, ಕಟ್ಟಡ ಕೊಳ್ಳಲು ಬಂದವರು ಬೇರೆ ಎಂಜಿನಿಯರುಗಳಿಂದ ಪರಿಶೀಲನೆ ಮಾಡಿಸಿದಾಗ. ಮರುವರ್ಷ ಕೆಲವು ಮಹಡಿಗಳಿಗೆ ಉಕ್ಕಿನ ಪಟ್ಟಿ ಕೂರಿಸಿದರು. ಅಷ್ಟು ಸಾಕಾಗಲಿಲ್ಲ. ಕಂಬಗಳ ದೋಷ ಸೇರಿ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು ಎಂದು ಅಲ್ಲಿಯ ರಾಯಲ್ ಕಮಿಷನ್ ಹೇಳಿತು. ಆದರೆ ನೆನಪಿಡಬೇಕಾದ ಮಾತು: ಲೆಕ್ಕ ಮಾಡಿದವರ ಕಣ್ಣು ತಪ್ಪಿದ ಸಂದು, ಕೊಳ್ಳಲು ಬಂದವರು ಕೇಳಿದ್ದರಿಂದ ಸಿಕ್ಕಿತು.

ಲೆಕ್ಕ ಮಾಡುವವರು ದಡ್ಡರು ಎಂದಲ್ಲ. 2006ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನಲ್ಲಿ ಏಳು ಮಹಡಿಯ ಗೋಡೆ ಕಟ್ಟಡದ ಪೂರ್ಣಗಾತ್ರದ ತುಂಡೊಂದನ್ನು ಕಂಪನ ವೇದಿಕೆಯ ಮೇಲೆ ನಿಲ್ಲಿಸಿ ಅಲುಗಾಡಿಸಿದರು. ಅದರ ವಿವರಗಳನ್ನು ಎಂಜಿನಿಯರುಗಳಿಗೆ, ಸಂಶೋಧಕರಿಗೆ ಕೊಟ್ಟು, ಏನಾಗುತ್ತದೆ ಎಂದು ಮುಂಚೆಯೇ ಹೇಳುವ ಸ್ಪರ್ಧೆ ಇಟ್ಟರು. ಒಂದೇ ಕಟ್ಟಡಕ್ಕೆ ಬಂದ ಉತ್ತರಗಳು ದೂರದೂರ ಚದುರಿದ್ದವು. ಮುಖ್ಯ ಗೋಡೆಗೆ ನೆಲಹಾಸು ಮತ್ತು ಸುತ್ತಲಿನ ಕಂಬಗಳು ಕೊಟ್ಟ ಆಸರೆಯನ್ನು ಅನೇಕರು ಸರಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪರಿಣತರಿಗೇ ಹೀಗಾದರೆ, 'ಪಾಸ್ ಆಗಿದೆ' ಎಂಬ ಎರಡು ಪದದ ಮೇಲೆ ನಾವು ನಮ್ಮ ಮಕ್ಕಳನ್ನು ಮಲಗಿಸಬೇಕೇ?

ಇದು ಹೊರನಾಡಿನಲ್ಲಿರುವ ನಮಗೆಲ್ಲ ಸಂಬಂಧಿಸಿದ ವಿಷಯ. 2016ರ ಮಾನಕದ ಪ್ರಕಾರ ಬೆಂಗಳೂರು, ಹೈದರಾಬಾದ್ ಎರಡನೇ ವಲಯ. ಪುಣೆ, ಮುಂಬೈ, ಚೆನ್ನೈ ಮೂರು. ದೆಹಲಿ ನಾಲ್ಕು. ಊರಿನ ಹೆಂಚಿನ ಮನೆಯಿಂದ ಹೊರಟ ನಾವು ಇಪ್ಪತ್ತು ವರ್ಷದ ಸಾಲ ಮಾಡಿ ಹೆಚ್ಚು ಅಲುಗಾಡುವ ನೆಲದ ಮೇಲೆ, ಹೆಚ್ಚು ಎತ್ತರದಲ್ಲಿ ಮನೆ ಕೊಂಡಿದ್ದೇವೆ. ಪುಣೆಯವರಿಗೆ ಕೊಯ್ನಾ ದೂರವೇನಲ್ಲ, 1967ರಲ್ಲಿ ಅಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಈಗಂತೂ ಬೇಗ ಕಟ್ಟುವುದೇ ಮುಖ್ಯ. ಚೆನ್ನೈನ ಪೆರುಂಬಾಕ್ಕಂನಲ್ಲಿ ಕೇಂದ್ರ ಸರ್ಕಾರದ ಲೈಟ್ ಹೌಸ್ ಯೋಜನೆಯಡಿ 1,152 ಮನೆಗಳನ್ನು ಪ್ರೀಕಾಸ್ಟ್ ವಿಧಾನದಲ್ಲೇ ಕಟ್ಟಿದರು. ಮನೆಯಿಲ್ಲದವರಿಗೆ ಬೇಗ ಮನೆ ಸಿಗುವುದು ಒಳ್ಳೆಯದೇ. ಆದರೆ ಕಟ್ಟುವ ವೇಗ ಹೆಚ್ಚಿದಂತೆ ಸಂದು ನೋಡುವ ಕಣ್ಣುಗಳೂ ಹೆಚ್ಚಬೇಕು.

ಬಿಲ್ಡರುಗಳಿಗೆ ತಮ್ಮ ವಾದವಿದೆ. ಲೆಕ್ಕದ ಕಡತ ಕೊಟ್ಟರೆ ಜನಕ್ಕೆ ಅರ್ಥವಾಗುವುದಿಲ್ಲ, ಸುಮ್ಮನೆ ಗಾಬರಿಯಾಗುತ್ತಾರೆ, ನಮ್ಮ ವಿನ್ಯಾಸ ಬೇರೆಯವರ ಕೈಸೇರುತ್ತದೆ ಎನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ಸಾವಿರ ಪುಟದ ಕಡತ ನನಗೂ ಬೇಡ. ನಾನು ಕೇಳುವುದು ಎರಡು ಪುಟ. ಸಂದುಗಳನ್ನು ಮಾಡೆಲ್‌ನಲ್ಲಿ ಹೇಗೆ ತೋರಿಸಿದ್ದೀರಿ, ಅಖಂಡ ಎಂದೋ ಸ್ಪ್ರಿಂಗ್ ಎಂದೋ? ಬಲವನ್ನು ಯಾವ ಸಂಖ್ಯೆಯಿಂದ ಭಾಗಿಸಿದಿರಿ? ಕೆಳಗಿನ ಮಣ್ಣನ್ನು ಏನೆಂದು ಹಿಡಿದಿರಿ? ನಿಮ್ಮ ಸಂಬಳ ಪಡೆಯದ ಇನ್ನೊಬ್ಬ ಎಂಜಿನಿಯರ್ ಇದನ್ನು ಬೇರೆಯಾಗಿ ಲೆಕ್ಕ ಮಾಡಿ ನೋಡಿದ್ದಾರೆಯೇ? ಇದರ ಜೊತೆ ಸೈಟಿನ ದಾಖಲೆ: ಯಾವ ಪ್ಯಾನೆಲ್‌ನ ಕೊಳವೆಗೆ ಯಾವ ದಿನ ಗ್ರೌಟ್ ತುಂಬಿತು, ಮೇಲಿನ ತೂತಿನಿಂದ ಗಾರೆ ಹೊರಬಂದದ್ದನ್ನು ಯಾರು ನೋಡಿದರು, ಅದರ ಮಾದರಿಯ ಬಲಪರೀಕ್ಷೆ ಏನು ಹೇಳಿತು? ಹತ್ತು ನಿಮಿಷದಲ್ಲಿ ಬರುವ ಊಟದ ಪೊಟ್ಟಣ ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಕಾಲದಲ್ಲಿ ಒಂದೊಂದು ಪ್ಯಾನೆಲ್‌ಗೂ ಒಂದು ಕ್ಯೂಆರ್ ಕೋಡ್ ಅಂಟಿಸಿ ಈ ವಿವರ ಇಡುವುದು ಎಷ್ಟು ದೊಡ್ಡ ಕೆಲಸ?

ಕಾನೂನು ನಮ್ಮ ಕೈಗೆ ಸ್ವಲ್ಪ ಬಲ ಕೊಟ್ಟಿದೆ. 2016ರ ರೇರಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಂಜೂರಾದ ನಕ್ಷೆ ಮತ್ತು ವಿವರಗಳನ್ನು ಪಡೆಯುವ ಹಕ್ಕು ಕೊಂಡವರಿಗಿದೆ. ಮನೆ ಹಸ್ತಾಂತರವಾದ ಮೇಲೆ ಅಗತ್ಯ ದಾಖಲೆಗಳನ್ನು ಪಡೆಯುವ ಹಕ್ಕೂ ಇದೆ. 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಸಿಕ್ಕ ಐದು ವರ್ಷದೊಳಗೆ ರಚನೆಯ ದೋಷ ತೋರಿಸಿದರೆ ಬಿಲ್ಡರ್ ಹಣ ಕೇಳದೆ 30 ದಿನದಲ್ಲಿ ಸರಿಪಡಿಸಬೇಕು. ಆದರೆ ಅರ್ಧ ತುಂಬಿದ ಕೊಳವೆ ಐದು ವರ್ಷದಲ್ಲಿ ತಾನಾಗಿ ಹೊರಗೆ ಕಾಣುವುದಿಲ್ಲ. ಅದು ಕಾಣುವುದು ನೆಲ ನಡುಗಿದ ದಿನ. ಆದ್ದರಿಂದ ಮೇಲೆ ಹೇಳಿದ ಎರಡು ಪುಟ ಮತ್ತು ಗ್ರೌಟ್ ದಾಖಲೆಯನ್ನು ಹಸ್ತಾಂತರದ ಕಡ್ಡಾಯ ದಾಖಲೆಗಳ ಪಟ್ಟಿಗೆ ಸೇರಿಸಬೇಕು ಎಂಬುದು ನನ್ನ ಒತ್ತಾಯ. ಕರ್ನಾಟಕವೂ ಸೇರಿ ಯಾವ ರಾಜ್ಯ ಮೊದಲು ಮಾಡಿದರೂ ಉಳಿದವರಿಗೆ ದಾರಿಯಾಗುತ್ತದೆ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಗೋಡೆ ಕಟ್ಟಡದಲ್ಲಿ ಗೋಡೆಯೇ ಕಂಬ. ನಮ್ಮ ಪಕ್ಕದ ವಿಂಗಿನ ಕನ್ನಡದವರೇ ಒಬ್ಬರು, ನನ್ನ ಒಳ್ಳೆಯ ಸ್ನೇಹಿತರು, ಅಡುಗೆಮನೆ ಹಾಲಿಗೆ ತೆರೆದಿರಲಿ ಎಂದು ಪ್ಯಾನೆಲ್ ಕತ್ತರಿಸಲು ಯಂತ್ರ ತರಿಸಿದ್ದರು. ನಾನು ಹೋಗಿ ಜಗಳವಾಡಿದಂತೆ ಮಾತಾಡಿ ನಿಲ್ಲಿಸಬೇಕಾಯಿತು. ಎಸಿ ಪೈಪಿಗೆಂದು ಗೋಡೆಯಂಚಿನಲ್ಲಿ ತೂತು ಕೊರೆಯುವಾಗ ಒಳಗಿನ ಸರಳು ತುಂಡಾಗುವುದು ಕೊರೆಯುವವನಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಮಾಡೆಲ್‌ನಲ್ಲಿ ಆ ಗೋಡೆ ಇನ್ನೂ ಪೂರ್ತಿಯಾಗಿಯೇ ಇರುತ್ತದೆ. ನೀವು ಇಂಥ ಕಟ್ಟಡದಲ್ಲಿದ್ದರೆ, ಯಾವ ಗೋಡೆ ಭಾರ ಹೊರುವುದು, ಯಾವುದು ಬರೀ ಅಡ್ಡಗೋಡೆ ಎಂಬ ನಕ್ಷೆಯನ್ನು ಸೊಸೈಟಿ ಕಚೇರಿಯ ಗೋಡೆಗೆ ಹಚ್ಚಲು ಹೇಳಿ. ಇದಕ್ಕೆ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ.

ನಮ್ಮ ಸೊಸೈಟಿಯಿಂದ 31 ಮನೆಯವರು ಸಹಿ ಹಾಕಿ ಬಿಲ್ಡರ್‌ಗೆ ಪತ್ರ ಕೊಟ್ಟಿದ್ದೇವೆ. ಆ ಎರಡು ಪುಟ ಮತ್ತು ಗ್ರೌಟ್ ದಾಖಲೆ ಕೇಳಿದ್ದೇವೆ. ಕೆಲವರು, 'ಇದೆಲ್ಲ ಹೊರಗೆ ಗೊತ್ತಾದರೆ ಫ್ಲ್ಯಾಟಿನ ಬೆಲೆ ಬೀಳುತ್ತದೆ' ಎಂದು ಸಹಿ ಹಾಕಲಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ, ನನ್ನ ಸಾಲವೂ ಇನ್ನೂ 17 ವರ್ಷ ಇದೆ. ಮೊನ್ನೆ ಬಂದ ಉತ್ತರದಲ್ಲಿ ನಕ್ಷೆ ಕೊಡಲು ಒಪ್ಪಿದ್ದಾರೆ, ಗ್ರೌಟ್ ದಾಖಲೆಯ ಮಾತೇ ಎತ್ತಿಲ್ಲ. ಮತ್ತೊಂದು ಪತ್ರ ಬರೆಯುತ್ತಿದ್ದೇವೆ.

ಅವ್ವ ಯುಗಾದಿಗೆ ಮತ್ತೆ ಬರುತ್ತಾಳೆ. ಬಂದವಳು ಆ ಗೆರೆಯ ಮೇಲೆ ಮತ್ತೆ ಕೈಯಿಡುತ್ತಾಳೆ, ನನಗೆ ಗೊತ್ತು. ಅಷ್ಟರೊಳಗೆ ಅವಳಿಗೆ ಹೇಳಲು ಒಂದು ನಿಜವಾದ ಉತ್ತರ ಬೇಕು. ನೀವೂ ನಿಮ್ಮ ನಿಮ್ಮ ಕಟ್ಟಡದಲ್ಲಿ ಇದನ್ನೇ ಕೇಳಿ.